ಅಟ್ಟದ ಕಾಯಿಯೂ ಯಂತ್ರದ ಉಪಾಧ್ಯಾಯನೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಯಾವ ಹಳ್ಳಿಯನ್ನು ಹೊಕ್ಕರೂ ತೆಂಗಿನ ತೋಟವನ್ನು ಹಾಯದೆ ಊರು ಸೇರುವುದು ಕಷ್ಟ. ಹಾಗೆ ಸೇರಿದ ಮೇಲೆ ಯಾವುದಾದರೂ ಹಳೆಯ ಮನೆಯೊಳಗೆ ತಲೆಯೆತ್ತಿ ನೋಡಿದರೆ ಅಟ್ಟ ಕಾಣುತ್ತದೆ. ಅಟ್ಟದ ತುಂಬ ಸುಲಿಯದ ಬಲಿತ ಕಾಯಿ. ತೋಟದಿಂದ ಇಳಿಸಿದ ಕಾಯಿಯನ್ನು ಹೀಗೆ ನೆರಳಿನಲ್ಲಿ ಎಂಟು ತಿಂಗಳಿನಿಂದ ಒಂದು ವರ್ಷದವರೆಗೆ ಒಟ್ಟುವುದು ಈ ಸೀಮೆಯ ಪದ್ಧತಿ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಕುಗ್ಗಿ ಚಿಪ್ಪಿನಿಂದ ತಾನೇ ಬಿಡಿಸಿಕೊಳ್ಳುತ್ತದೆ. ಮನೆಯ ಹಿರಿಯರು ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕುತ್ತಾರೆ. ಒಳಗೆ ಉಂಡೆ ಲೊಟಲೊಟನೆ ಆಡಿದರೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಸಿಪ್ಪೆ ಸುಲಿದು, ಚಿಪ್ಪನ್ನು ಒಡೆದು ತೆಗೆದಾಗ ಹೊರಬರುವ ಇಡೀ ಉಂಡೆಯೇ ಉಂಡೆ ಕೊಬ್ಬರಿ. ಇದರ ದೊಡ್ಡ ಪೇಟೆ ತಿಪಟೂರು. ಅಲ್ಲಿಂದ ಅದು ಉತ್ತರ ಭಾರತದ ಊರುಗಳಿಗೆ ತಿನ್ನುವ ಪದಾರ್ಥವಾಗಿ ಪಯಣ ಮಾಡುತ್ತದೆ.

ಕೇರಳದ ಕೊಬ್ಬರಿಯ ಕಥೆ ಬೇರೆ. ಅಲ್ಲಿ ಕಾಯಿಯನ್ನು ಎರಡು ಹೋಳು ಮಾಡಿ, ಬಿಸಿಲಿಗೋ ಗೂಡಿನ ಬಿಸಿಗೋ ಒಡ್ಡಿ, ಕೆಲವೇ ದಿನಗಳಲ್ಲಿ ಒಣಗಿಸಿ ಎಣ್ಣೆಯ ಗಾಣಕ್ಕೆ ಕಳುಹಿಸುತ್ತಾರೆ. ಒಂದೇ ಮರದ ಒಂದೇ ಕಾಯಿ. ಒಂದು ಕಡೆ ವಾರದ ಲೆಕ್ಕ, ಇನ್ನೊಂದು ಕಡೆ ವರ್ಷದ ಲೆಕ್ಕ. ಈ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಗಣಕಯಂತ್ರದ ಬುದ್ಧಿಯನ್ನು ಕುರಿತು ಹೇಳಹೊರಟಿರುವ ಈ ಲೇಖನದಲ್ಲಿ ಇದೇ ವ್ಯತ್ಯಾಸ ಮತ್ತೆ ನಮ್ಮನ್ನು ಎದುರುಗೊಳ್ಳಲಿದೆ.

ವರ್ಷದ ಲೆಕ್ಕವೆಂದರೆ ವ್ಯಾಪಾರದ ಲೆಕ್ಕ. ಕಾಯಿಯನ್ನು ಎಳನೀರಾಗಿಯೇ ಮಾರುವುದೋ, ಬಲಿತ ಮೇಲೆ ಹಸಿಗಾಯಿಯಾಗಿ ಮಾರುವುದೋ, ಅಥವಾ ಅಟ್ಟಕ್ಕೆ ಹಾಕಿ ಮುಂದಿನ ವರ್ಷದ ಧಾರಣೆಯನ್ನು ನಂಬುವುದೋ? ಒಂದು ಮನೆಯವರು ಇದನ್ನು ಅನುಭವದಿಂದ ತೀರ್ಮಾನಿಸಿಯಾರು. ಆದರೆ ನೂರಾರು ಬೆಳೆಗಾರರು ಸೇರಿ ಕಟ್ಟಿಕೊಂಡ ಕಂಪೆನಿಯೊಂದು ಇದೇ ತೀರ್ಮಾನವನ್ನು ಮಾಡಬೇಕಾದಾಗ? 2002ರಲ್ಲಿ ಕಂಪೆನಿ ಕಾನೂನಿಗೆ ತಂದ ತಿದ್ದುಪಡಿಯಿಂದ ನಮ್ಮ ದೇಶದಲ್ಲಿ ‘ಉತ್ಪಾದಕರ ಕಂಪೆನಿ’ ಎಂಬ ಹೊಸ ಬಗೆಯ ಸಂಸ್ಥೆ ಹುಟ್ಟಿತು. ಹತ್ತು ಮಂದಿ ಬೆಳೆಗಾರರು ಕೂಡಿದರೆ ಸಾಕು, ಅಂಥದೊಂದನ್ನು ನೋಂದಾಯಿಸಬಹುದು. ಅದಕ್ಕೆ ಕನಿಷ್ಠ 5, ಗರಿಷ್ಠ 15 ನಿರ್ದೇಶಕರಿರಬೇಕು. 2020ರಲ್ಲಿ ಕೇಂದ್ರ ಸರ್ಕಾರ ಇಂಥ ಬೆಳೆಗಾರರ ಸಂಸ್ಥೆಗಳನ್ನು ದೇಶದಲ್ಲಿ 10,000ದಷ್ಟು ಸ್ಥಾಪಿಸುವ ಯೋಜನೆಯನ್ನು ಕೈಗೊಂಡಿತು. ತೆಂಗು ಅಭಿವೃದ್ಧಿ ಮಂಡಳಿಯೂ ಬೆಳೆಗಾರರ ಸಂಘ, ಸಂಘಗಳ ಒಕ್ಕೂಟ, ಒಕ್ಕೂಟಗಳ ಕಂಪೆನಿ ಎಂಬ ಮೂರು ಅಂತಸ್ತಿನ ಏರ್ಪಾಡನ್ನು ಪ್ರೋತ್ಸಾಹಿಸುತ್ತ ಬಂದಿದೆ.

ಹೀಗೆ ನೆನ್ನೆಯವರೆಗೆ ತೋಟಕ್ಕೆ ನೀರು ಕಟ್ಟುತ್ತಿದ್ದವರು ಇಂದು ನಿರ್ದೇಶಕರು. ವ್ಯಾಪಾರದ ಮುಂದಾಳುಗಳೆಂದರೆ ಕೋಟು ಧರಿಸಿ ವಿಮಾನ ಹತ್ತುವವರು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಏಕೋ ಬೇರೂರಿಬಿಟ್ಟಿದೆ. ಆಸ್ತಿ-ಹೊಣೆಯ ಪಟ್ಟಿಗೆ ಸಹಿ ಹಾಕಿ, ಬ್ಯಾಂಕಿನ ಸಾಲಕ್ಕೆ ಜವಾಬು ಹೇಳಿ, ಊರವರ ಕಾಯಿಯನ್ನು ಊರವರ ನಂಬಿಕೆಯ ಮೇಲೆ ಹಿಡಿದಿಟ್ಟುಕೊಳ್ಳುವ ವ್ಯಕ್ತಿ ಮುಂದಾಳಲ್ಲದೆ ಮತ್ತೇನು? ಅವರಿಗೆ ವಾಣಿಜ್ಯದ ವಿದ್ಯೆ ಬೇಕು. ಆದರೆ ತೋಟ, ದನ, ಮನೆ ಬಿಟ್ಟು ಎರಡು ವರ್ಷ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಕುಳಿತು ಓದುವುದು ಅವರಿಂದ ಆಗದ ಮಾತು.

ಪಾಠವೇ ಮನೆಗೆ ಬಂದರೆ?

ಬನ್ನೇರುಘಟ್ಟ ರಸ್ತೆಯನ್ನು ನಾವು ಸುಮ್ಮನೆ ಹೆಸರಿಸಲಿಲ್ಲ. 1973ರಲ್ಲಿ ಸ್ಥಾಪಿತವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಇರುವುದು ಅಲ್ಲಿಯೇ. ಈ ಸಂಸ್ಥೆ 2014ರಲ್ಲಿ ಎಡೆಕ್ಸ್ ಎಂಬ ಅಂತರರಾಷ್ಟ್ರೀಯ ವೇದಿಕೆಯನ್ನು ಸೇರಿ, ತನ್ನ ಪಾಠಗಳನ್ನು ಅಂತರಜಾಲದ ಮೂಲಕ ಯಾರು ಬೇಕಾದರೂ ಕಲಿಯುವಂತೆ ತೆರೆದಿಟ್ಟಿತು. 2017ರ ಜುಲೈನಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ ಉದ್ಘಾಟನೆಯಾದ ಮೇಲೆ ಅಲ್ಲಿನ ವ್ಯವಸ್ಥಾಪನಾಶಾಸ್ತ್ರದ ಪಾಠಗಳನ್ನು ಸಂಯೋಜಿಸುವ ಹೊಣೆಯೂ ಇದರದಾಯಿತು. ಮೊಬೈಲಿರುವ ಯಾರೇ ಆಗಲಿ, ತುರುವೇಕೆರೆಯ ಜಗಲಿಯಲ್ಲಿ ಕುಳಿತು ಲೆಕ್ಕಪತ್ರಶಾಸ್ತ್ರದ ಉಪನ್ಯಾಸವನ್ನು ಕೇಳುವ ಕಾಲ ಬಂದುದು ಹೀಗೆ.

ಬಾಗಿಲು ತೆರೆಯಿತೆಂದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದು ಕೊನೆಯವರೆಗೆ ಕುಳಿತರೆಂದಲ್ಲ. ಹಾರ್ವರ್ಡ್ ಮತ್ತು ಎಂ.ಐ.ಟಿ. ಎಡೆಕ್ಸ್‌ನಲ್ಲಿ ನಡೆಸಿದ ಪಾಠಗಳ ದಾಖಲೆಗಳನ್ನು ಇಬ್ಬರು ವಿದ್ವಾಂಸರು ಪರಿಶೀಲಿಸಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 2017-18ರಲ್ಲಿ ಹೆಸರು ನೋಂದಾಯಿಸಿದವರ ಪೈಕಿ ಪಾಠಕ್ರಮವನ್ನು ಮುಗಿಸಿದವರು ನೂರಕ್ಕೆ ಮೂರರಷ್ಟು ಮಾತ್ರ! ಹೀಗಾಗಲು ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ನಮ್ಮ ವಿದ್ಯಾರ್ಥಿ ವಾಚಕರು ತಮ್ಮ ಅನುಭವದಿಂದಲೇ ಬಲ್ಲರು. ತರಗತಿಯಲ್ಲಿ ಒಂದು ಹೆಜ್ಜೆ ತಪ್ಪಿದಾಗ ಕೈಯೆತ್ತಿ ಕೇಳಬಹುದು. ಮೊಬೈಲಿನ ತೆರೆಯ ಮೇಲಿನ ಉಪನ್ಯಾಸಕರಾದರೋ ನಿಲ್ಲುವುದಿಲ್ಲ. ನಾವು ಹಿಂದೆ ಬಿದ್ದದ್ದು ಅವರಿಗೆ ತಿಳಿಯುವುದೂ ಇಲ್ಲ.

ಒಬ್ಬ ಶಿಷ್ಯನಿಗೆ ಒಬ್ಬ ಗುರು ಇದ್ದರೆ ಎಷ್ಟು ಲಾಭ? ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಇದಕ್ಕೆ ಒಂದು ಬೆರಗಿನ ಉತ್ತರವನ್ನು ಕೊಟ್ಟರು. ಪ್ರತ್ಯೇಕ ಗುರುವಿನಿಂದ ಪಾಠ ಹೇಳಿಸಿಕೊಂಡ ಸಾಧಾರಣ ವಿದ್ಯಾರ್ಥಿ, ಸಾಮಾನ್ಯ ತರಗತಿಯ ನೂರರಲ್ಲಿ ತೊಂಬತ್ತೆಂಟು ಮಂದಿಗಿಂತ ಮೇಲೆ ನಿಂತನೆಂಬುದು ಅವರ ವರದಿ. ಆನಂತರದ ಪರಿಶೀಲನೆಗಳಲ್ಲಿ ಈ ಲಾಭ ಅಷ್ಟೇನೂ ದೊಡ್ಡದಲ್ಲವೆಂದು ಕಂಡುಬಂದಿದೆ. 2011ರಲ್ಲಿ ಕರ್ಟ್ ವ್ಯಾನ್‌ಲೇನ್ ಎಂಬವರು ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ ಮನುಷ್ಯ ಗುರುವಿನ ಲಾಭ 0.79 ಮಾನಕ ವಿಚಲನೆಯಷ್ಟು, ಚೆನ್ನಾಗಿ ರಚಿತವಾದ ಬೋಧಕಯಂತ್ರದ್ದು 0.76ರಷ್ಟು ಎಂದು ತೋರಿತು. ಗುರುವಿನ ಪ್ರಭಾವ ಇಳಿಯಿತಲ್ಲ ಎಂದು ಕೆಲವರು ಕೊರಗಿದರು. ಯಂತ್ರ ಇಷ್ಟು ಹತ್ತಿರ ಬಂದಿತಲ್ಲ ಎಂದು ನಾವು ಬೆರಗಾಗುವುದೇ ಹೆಚ್ಚು ಉಚಿತ.

ಬೋಧಿಸುವ ಯಂತ್ರದ ಕನಸು ನೂರು ವರ್ಷ ಹಳೆಯದು. 1920ರ ದಶಕದಲ್ಲಿ ಸಿಡ್ನಿ ಪ್ರೆಸ್ಸಿ ಎಂಬ ಮನಶ್ಶಾಸ್ತ್ರಜ್ಞರು ಗುಂಡಿ ಒತ್ತಿ ಉತ್ತರಿಸುವ ಒಂದು ಪೆಟ್ಟಿಗೆಯನ್ನು ಮಾಡಿದ್ದರು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಅವರ ‘ಪ್ಲೇಟೋ’ ಗಣಕ ಪಾಠ ಹೇಳತೊಡಗಿತು. ಆದರೆ ಇವೆಲ್ಲ ಸರಿ-ತಪ್ಪು ಹೇಳುವುದರಲ್ಲಿ ಗಟ್ಟಿ. ‘ಏಕೆ ತಪ್ಪಿದೆ’ ಎಂದು ಹೇಳುವುದರಲ್ಲಿ ದುರ್ಬಲ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬಿಬ್ಬರು ವ್ಯವಕಲನದ ಲೆಕ್ಕದಲ್ಲಿ ಮಕ್ಕಳು ಮಾಡುವ ತಪ್ಪುಗಳನ್ನು ಪರೀಕ್ಷಿಸಿ ಒಂದು ಸತ್ಯವನ್ನು ಎತ್ತಿ ತೋರಿಸಿದರು. ತಪ್ಪುಗಳಲ್ಲಿ ಬಹಳಷ್ಟು ಅಜಾಗರೂಕತೆಯಿಂದ ಆದವಲ್ಲ. ತಪ್ಪು ನಿಯಮವೊಂದನ್ನು ಮಗು ನಿಷ್ಠೆಯಿಂದ ಪಾಲಿಸಿದ್ದರ ಫಲ ಅವು. ಉತ್ತರವನ್ನು ನೋಡಿ ಆ ನಿಯಮವನ್ನು ಹಿಡಿಯಲು ಸಾಧ್ಯ.

ಒಂದು ಲೆಕ್ಕ, ಮೂರು ತಪ್ಪು

ಇದನ್ನು ನಮ್ಮ ಅಟ್ಟದ ಮೇಲೆಯೇ ಪರೀಕ್ಷಿಸಿ ನೋಡೋಣ. ಈ ಕೆಳಗಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ನಾವು ಇಟ್ಟುಕೊಂಡವು. ಯಾರದೇ ಮನೆಯ ಲೆಕ್ಕವಲ್ಲ.

ಒಬ್ಬ ನಿರ್ದೇಶಕರು 10,000 ಕಾಯಿಯನ್ನು ಅಟ್ಟಕ್ಕೆ ಹಾಕಿಸುತ್ತಾರೆ. ಆ ದಿನ ಹಸಿಗಾಯಿಯಾಗಿ ಮಾರಿದ್ದರೆ ಕಾಯಿಗೆ 12 ರೂಪಾಯಿ ಬರುತ್ತಿತ್ತು; ಅಂದರೆ 1,20,000 ರೂಪಾಯಿ. ಹನ್ನೊಂದು ತಿಂಗಳು ಕಾಯಬೇಕು. ಬಡ್ಡಿ ವರ್ಷಕ್ಕೆ ನೂರಕ್ಕೆ 12ರಂತೆ 13,200 ರೂಪಾಯಿ. ಸುಲಿಯುವ, ಒಡೆಯುವ ಕೂಲಿಯಲ್ಲಿ ಸಿಪ್ಪೆ ಮತ್ತು ಚಿಪ್ಪು ಮಾರಿ ಬಂದ ಹಣವನ್ನು ಕಳೆದರೆ ಉಳಿಯುವ ಖರ್ಚು 6,800. ಒಟ್ಟು 1,40,000 ರೂಪಾಯಿ. ಕಾಯಿಯಲ್ಲಿ ನೂರಕ್ಕೆ ಐದರಷ್ಟು ಕೊಳೆತೋ ಮೊಳೆತೋ ಹೋಗಿ 9,500 ಉಳಿಯುತ್ತವೆ. 950 ಉಂಡೆಗೆ ಒಂದು ಕ್ವಿಂಟಾಲ್ ಎಂದಿಟ್ಟುಕೊಂಡರೆ ದೊರೆಯುವುದು ಸರಿಯಾಗಿ 10 ಕ್ವಿಂಟಾಲ್ ಕೊಬ್ಬರಿ. ಆದುದರಿಂದ ಕ್ವಿಂಟಾಲಿಗೆ 14,000 ರೂಪಾಯಿ ಬಂದರೆ ಅಸಲು. ಅದಕ್ಕಿಂತ ಮೇಲೆ ಬಂದುದೇ ಲಾಭ.

ಪಾಠದ ಕೊನೆಯಲ್ಲಿ ಯಂತ್ರ ಈ ಪ್ರಶ್ನೆಯನ್ನು ಕೇಳುತ್ತದೆ ಎನ್ನೋಣ. ಒಬ್ಬರು 12,680 ಎಂದು ಉತ್ತರಿಸುತ್ತಾರೆ: ಅವರು ಬಡ್ಡಿಯನ್ನು ಮರೆತಿದ್ದಾರೆ. ಇನ್ನೊಬ್ಬರು 13,300 ಎನ್ನುತ್ತಾರೆ: ಅವರು ಹಾಳಾಗುವ ಕಾಯಿಯನ್ನು ಮರೆತು ಪೂರಾ ಹತ್ತು ಸಾವಿರವನ್ನೂ ತೂಕಕ್ಕೆ ಹಾಕಿದ್ದಾರೆ. ಮೂರನೆಯವರ ಉತ್ತರ ಸುಮಾರು 12,046: ಅವರು ಎರಡನ್ನೂ ಮರೆತವರು. ವಾಚಕರು ಕಾಗದ ಪೆನ್ಸಿಲ್ ತೆಗೆದುಕೊಂಡು ಈ ಮೂರನ್ನೂ ಮಾಡಿ ನೋಡಬಹುದು. ಪ್ರತಿಯೊಂದು ತಪ್ಪು ಉತ್ತರವೂ ತನ್ನ ಹುಟ್ಟಿನ ಗುರುತನ್ನು ಹೊತ್ತುಕೊಂಡೇ ಬಂದಿದೆ. ಮೂರನೆಯವರ ತಪ್ಪು ಎಲ್ಲಕ್ಕಿಂತ ಅಪಾಯದ್ದು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಆ ಲೆಕ್ಕದವರು ಬೆಂಬಲ ಬೆಲೆಗೆ ಮಾರಿ ‘ಹೆಚ್ಚುಕಡಮೆ ಅಸಲಾಯಿತು’ ಎಂದು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಹತ್ತು ಕ್ವಿಂಟಾಲಿಗೆ ಇಪ್ಪತ್ತು ಸಾವಿರ ರೂಪಾಯಿ ಕರಗಿಹೋದುದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಬಡ್ಡಿಯನ್ನು ಮರೆತವರಿಗೆ ‘ತಪ್ಪು’ ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ. ಅವರ ವಾದ ಹೀಗೆ: “ಕಾಯಿ ನಮ್ದು, ಅಟ್ಟ ನಮ್ದು. ಸಾಲ ಮಾಡಿಲ್ಲ. ಸುಮ್ಮನೆ ಬಿದ್ದಿರೋ ಕಾಯಿಗೆ ಬಡ್ಡಿ ಯಾವುದು ಸ್ವಾಮಿ?” ಒಳ್ಳೆಯ ಉಪಾಧ್ಯಾಯನಾದವನು ಇಲ್ಲಿ ಉತ್ತರ ಹೇಳುವುದಿಲ್ಲ, ಇನ್ನೊಂದು ಪ್ರಶ್ನೆಯನ್ನು ಕೇಳುತ್ತಾನೆ. “ಆ ದಿನವೇ ಮಾರಿ ಬಂದ ಹಣವನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ, ಅಥವಾ ಇರುವ ಸಾಲವನ್ನು ತೀರಿಸಿದ್ದರೆ, ಈ ಹನ್ನೊಂದು ತಿಂಗಳಲ್ಲಿ ತಮಗೆ ಎಷ್ಟು ಉಳಿಯುತ್ತಿತ್ತು?” ಬಿಟ್ಟುಕೊಟ್ಟ ಅವಕಾಶಕ್ಕೂ ಬೆಲೆಯುಂಟು ಎಂಬ ಅರ್ಥಶಾಸ್ತ್ರದ ತತ್ತ್ವ ಹೀಗೆ ಅಟ್ಟದಿಂದ ಕೆಳಗಿಳಿಯುತ್ತದೆ. ಮುಂದಿನ ಪ್ರಶ್ನೆ ಯಾವುದಿರಬೇಕೆಂದು ಆರಿಸುವುದೇ ಇಂದಿನ ಯಂತ್ರಬೋಧಕನ ಮುಖ್ಯ ಕೆಲಸ.

ಆರಿಸುವುದು ಹೇಗೆ? ಇಲ್ಲಿ ಸಂಭವನೀಯತೆಯ ಗಣಿತ ನೆರವಿಗೆ ಬರುತ್ತದೆ. ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯ ಪ್ರಬಂಧವೊಂದು, ಆತ ತೀರಿಕೊಂಡ ಎರಡು ವರ್ಷಗಳ ಮೇಲೆ, 1763ರಲ್ಲಿ ಅಚ್ಚಾಯಿತು. ಆ ಪ್ರಬಂಧದಲ್ಲಿದ್ದ ಸೂತ್ರವನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ 1990ರ ದಶಕದ ನಡುವಣ ವರ್ಷಗಳಲ್ಲಿ ಬೋಧನೆಗೆ ಅಳವಡಿಸಿದರು. ನೂರು ಮಂದಿ ಕಲಿಯುವವರಿದ್ದಾರೆ ಎಂದುಕೊಳ್ಳಿ. ಬಡ್ಡಿಯ ಈ ತತ್ತ್ವವನ್ನು ಬಲ್ಲವರು ಅವರಲ್ಲಿ 40 ಮಂದಿ ಎಂಬುದು ಯಂತ್ರದ ಮೊದಲ ಊಹೆ. ಬಲ್ಲವರೂ ಹತ್ತರಲ್ಲಿ ಒಂದು ಸಾರಿ ಕೈತಪ್ಪಿ ತಪ್ಪು ಬರೆಯುತ್ತಾರೆ. ಆದುದರಿಂದ ಈ ನಲವತ್ತರಲ್ಲಿ 36 ಮಂದಿಯ ಉತ್ತರ ಸರಿ. ಅರಿಯದ 60 ಮಂದಿಯಲ್ಲಿ ಐದಕ್ಕೆ ಒಬ್ಬರು ಕುರುಡುಗುರಿಯಿಂದ ಸರಿ ಉತ್ತರ ಕೊಡುತ್ತಾರೆ. ಅವರು 12 ಮಂದಿ. ಒಟ್ಟು 48 ಸರಿ ಉತ್ತರಗಳಲ್ಲಿ 36 ನಿಜವಾಗಿ ಬಲ್ಲವರದು. ಎಂದರೆ ನಿಮ್ಮ ಉತ್ತರ ಸರಿಯಾಗಿದ್ದರೆ, ನೀವು ಬಲ್ಲಿರೆಂಬ ಯಂತ್ರದ ನಂಬಿಕೆ ನೂರಕ್ಕೆ 40ರಿಂದ 75ಕ್ಕೆ ಏರುತ್ತದೆ. ತಪ್ಪಾದರೆ? ತಪ್ಪು ಉತ್ತರಗಳು 52. ಅವುಗಳಲ್ಲಿ ಬಲ್ಲವರದು 4 ಮಾತ್ರ. ನಂಬಿಕೆ ನೂರಕ್ಕೆ 8ರ ಸುಮಾರಿಗೆ ಕುಸಿಯುತ್ತದೆ. ಪ್ರಶ್ನೆ ಪ್ರಶ್ನೆಗೂ ಹೀಗೆ ತಿದ್ದಿಕೊಳ್ಳುತ್ತ ಹೋಗುವ ಯಂತ್ರ, ಬಲ್ಲವರನ್ನು ಮುಂದಕ್ಕೆ ಬಿಡುತ್ತದೆ, ಎಡವಿದವರನ್ನು ಎಡವಿದಲ್ಲಿಯೇ ನಿಲ್ಲಿಸಿ ಇನ್ನೊಂದು ಉದಾಹರಣೆ ಕೊಡುತ್ತದೆ. ಇಷ್ಟೇ. ಇದರಲ್ಲಿ ಮಾಯೆಯೇನೂ ಇಲ್ಲ. ಊರಿನ ಹಳೆಯ ಮೇಷ್ಟರು ಇದನ್ನೇ ಹುಡುಗನ ಮುಖ ನೋಡಿ ಮಾಡುತ್ತಿದ್ದರು.

ಮಾತನಾಡುವ ಯಂತ್ರ

ಲೆಕ್ಕದ ಪಾಠಕ್ಕೆ ಇದು ಸಾಕು. ಆದರೆ ಕಲಿಯುವವರು ತಮ್ಮ ಮಾತಿನಲ್ಲಿ ಪ್ರಶ್ನೆ ಕೇಳಿದಾಗ ಉತ್ತರಿಸಬೇಕಲ್ಲ! ಈ ದಾರಿಯಲ್ಲಿ ಒಂದು ಪ್ರಸಿದ್ಧ ಪ್ರಯೋಗ 2016ರಲ್ಲಿ ನಡೆಯಿತು. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಅಶೋಕ್ ಗೋಯಲ್ ಎಂಬ ಪ್ರಾಧ್ಯಾಪಕರು ಕೃತಕ ಬುದ್ಧಿಮತ್ತೆಯನ್ನೇ ಕುರಿತು ಒಂದು ಆನ್‌ಲೈನ್ ಪಾಠಕ್ರಮವನ್ನು ನಡೆಸುತ್ತಿದ್ದರು. ಸುಮಾರು 300 ಮಂದಿ ವಿದ್ಯಾರ್ಥಿಗಳು; ಒಂದು ಅವಧಿಗೆ ಸುಮಾರು 10,000 ಪ್ರಶ್ನೋತ್ತರಗಳು. ಸಹಾಯಕ ಬೋಧಕರ ಸಾಲಿಗೆ ಅವರು ‘ಜಿಲ್ ವಾಟ್ಸನ್’ ಎಂಬ ಇನ್ನೊಂದು ಹೆಸರನ್ನು ಸೇರಿಸಿದರು. ಆಕೆ ಯಂತ್ರವೆಂಬುದು ವಿದ್ಯಾರ್ಥಿಗಳಿಗೆ ತಿಳಿದುದು ಅವಧಿಯ ಕೊನೆಯಲ್ಲಿ!

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂದ ಮೇಲೆ ಇಂಥ ಯಂತ್ರಗಳು ಎಲ್ಲರ ಕೈಗೆ ಬಂದವು. ಇವುಗಳ ಒಳಗುಟ್ಟು ಸಂಕ್ಷೇಪವಾಗಿ ಇಷ್ಟು: ಅಪಾರವಾದ ಬರಹರಾಶಿಯನ್ನು ಉಂಡ ಗಣಕ, ಬರೆದಿರುವಷ್ಟು ಮಾತಿನ ಮುಂದೆ ಯಾವ ಪದ ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ ಒಂದೊಂದಾಗಿ ಪದಗಳನ್ನು ಪೋಣಿಸುತ್ತದೆ. ‘ತಿಪಟೂರಿನ ಪೇಟೆಗೆ ಗಾಡಿಯ ತುಂಬ’ ಎಂದೊಡನೆ ವಾಚಕರ ನಾಲಗೆಗೆ ಮುಂದಿನ ಪದ ತಾನಾಗಿ ಬರುವುದಿಲ್ಲವೆ? ಹಾಗೆಯೇ. ಆದರೆ ಸಂಭವವೆಂಬುದು ಬೇರೆ, ಸತ್ಯವೆಂಬುದು ಬೇರೆ. ತಿಳಿಯದ ವಿಷಯ ಬಂದಾಗಲೂ ಯಂತ್ರ ಅದೇ ನಿರರ್ಗಳತೆಯಿಂದ ಪೋಣಿಸುತ್ತ ಹೋಗುತ್ತದೆ. ಸುಳ್ಳು ಹೇಳುವಾಗ ಅದರ ದನಿ ನಡುಗುವುದಿಲ್ಲ.

ಈಗ ಮೊದಲು ಹೇಳಿದ ವ್ಯತ್ಯಾಸಕ್ಕೆ ಬರೋಣ. ಪ್ರಪಂಚದಲ್ಲಿ ಕೊಬ್ಬರಿ ಎಂದರೆ ಬಹುಮಟ್ಟಿಗೆ ಎಣ್ಣೆಯ ಕೊಬ್ಬರಿಯೇ. ಆದುದರಿಂದ ಯಂತ್ರ ಉಂಡ ಬರಹದಲ್ಲಿಯೂ ಅದರ ಮಾತೇ ಹೆಚ್ಚು. ತಿಪಟೂರಿನ ನಿರ್ದೇಶಕರೊಬ್ಬರು ‘ಕೊಬ್ಬರಿ ಮಾಡಲು ಎಷ್ಟು ದಿನ ಬಂಡವಾಳ ಸಿಕ್ಕಿಕೊಳ್ಳುತ್ತದೆ?’ ಎಂದು ಕೇಳಿದರೆ, ಬೇರೇನೂ ಹೇಳಿಕೊಡದ ಯಂತ್ರ ‘ಒಂದು ವಾರ’ ಎಂದು ಹೇಳಿಬಿಡುವ ಸಂಭವವುಂಟು. ಕೇರಳಕ್ಕೆ ಅದು ಸತ್ಯ. ಅಟ್ಟದ ಮಟ್ಟಿಗೆ ಅನರ್ಥ. ಆ ಉತ್ತರವನ್ನು ನಂಬಿ ಮೂರು ತಿಂಗಳ ಸಾಲ ಎತ್ತಿದ ಕಂಪೆನಿ, ಕಾಯಿ ಇನ್ನೂ ನೀರಾಡುತ್ತಿರುವಾಗಲೇ ಬ್ಯಾಂಕಿನ ಬಾಗಿಲಲ್ಲಿ ನಿಂತಿರುತ್ತದೆ.

ಕಾಲದ ತೊಡಕು ಇನ್ನೂ ಸೂಕ್ಷ್ಮ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 11,750 ರೂಪಾಯಿ ಇದ್ದಾಗ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು, ಬೆಳೆಗಾರರು ಬೀದಿಗಿಳಿದಿದ್ದರು. 2025ರಲ್ಲಿ ಬೆಂಬಲ ಬೆಲೆ 12,100 ಆದಾಗ ಪೇಟೆಯ ಧಾರಣೆ ಇಪ್ಪತ್ತು ಸಾವಿರವನ್ನು ಮೀರಿ ಏರಿತು. 2023ರ ಕೊನೆಗೆ ಓದು ನಿಲ್ಲಿಸಿದ ಯಂತ್ರವೊಂದನ್ನು 2024ರ ಆರಂಭದಲ್ಲಿ ಕೇಳಿದ್ದರೆ, ಅಟ್ಟಕ್ಕೆ ಹಾಕುವುದು ನಷ್ಟದ ಬಾಬೆಂದು ಅದು ಗಂಭೀರವಾಗಿ ಬೋಧಿಸುತ್ತಿತ್ತು. ಅದರ ಮಾತು ಕೇಳಿ ಹಸಿಗಾಯಿ ಮಾರಿದವರು ಮುಂದಿನ ವರ್ಷ ಕೈಹಿಸುಕಿಕೊಳ್ಳುತ್ತಿದ್ದರು. ನ್ಯಾಯವಾಗಿ ಹೇಳಬೇಕಾದರೆ, ಆ ಏರಿಕೆಯನ್ನು ಮನುಷ್ಯರಲ್ಲಿಯಾದರೂ ಎಷ್ಟು ಮಂದಿ ಕಂಡಿದ್ದರು? ಬೆಲೆಯ ಭವಿಷ್ಯ ಹೇಳುವ ಯಂತ್ರವೆಂದು ಯಾರಾದರೂ ಮಾರಲು ಬಂದರೆ ನಮ್ಮ ಸಲಹೆ, ಅವರಿಗೆ ಒಂದು ಎಳನೀರು ಕೊಟ್ಟು ಕಳುಹಿಸುವುದು.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಒಂದು ಉಪಾಯವೆಂದರೆ ಯಂತ್ರಕ್ಕೆ ಪುಸ್ತಕ ಕೊಟ್ಟು ಕೂರಿಸುವುದು. ಪ್ರಶ್ನೆ ಬಂದೊಡನೆ ಅದು ಮೊದಲು ಗೊತ್ತಾದ ಕಡತಗಳಲ್ಲಿ ಸಂಬಂಧಪಟ್ಟ ಪುಟವನ್ನು ಹುಡುಕಿ, ಆ ಪುಟವನ್ನು ಮುಂದಿಟ್ಟುಕೊಂಡು ಉತ್ತರ ಬರೆಯುತ್ತದೆ. ಪುಟದಲ್ಲಿ ಇಲ್ಲದಿದ್ದರೆ ಇಲ್ಲವೆಂದು ಹೇಳುವಂತೆ ಅದಕ್ಕೆ ಕಟ್ಟುನಿಟ್ಟು ಮಾಡಬಹುದು. 2023ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಜೆಫ್ರಿ ಬಸ್‌ಗ್ಯಾಂಗ್, ಹೊಸ ಉದ್ಯಮ ಆರಂಭಿಸುವುದನ್ನು ಕುರಿತ ತಮ್ಮ ಪಾಠಕ್ಕೆ ಇಂಥದೊಂದು ಸಹಾಯಕಯಂತ್ರವನ್ನು ರಚಿಸಿ ಪಾಠದ ಸಾಮಗ್ರಿಯನ್ನೆಲ್ಲ ಅದಕ್ಕೆ ಒದಗಿಸಿದ್ದರು. ನಮ್ಮ ಸೀಮೆಗೆ ಬೇಕಾದ ಕಡತಗಳು ಇಲ್ಲದೆ ಇಲ್ಲ. ತಿಪಟೂರಿನ ಬಳಿಯ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವ ಕಡೆ ನೂರು ವರ್ಷಕ್ಕೂ ಮೀರಿದ ವಿದ್ಯೆ ಸಂಗ್ರಹವಾಗಿದೆ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾದ ಮೇಲೆ ಹರಾಜಿನ ಧಾರಣೆ ಗಣಕದಲ್ಲಿಯೇ ದಾಖಲಾಗುತ್ತ ಬಂದಿದೆ. ಇವನ್ನೆಲ್ಲ ಕನ್ನಡದಲ್ಲಿ ಒಂದೆಡೆ ಪೋಣಿಸಿ ಯಂತ್ರದ ಮುಂದಿಡುವ ಶ್ರಮವನ್ನು ಯಂತ್ರ ಮಾಡಲಾರದು.

ಕನ್ನಡದಲ್ಲಿ ಎಂದೆವು. ಅಲ್ಲಿಯೂ ಒಂದು ವಿಚಿತ್ರವಾದ ತೆರಿಗೆಯುಂಟು. ಗಣಕಗಳು ಸಾಮಾನ್ಯವಾಗಿ ಬಳಸುವ ಸಂಕೇತಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಕೊಬ್ಬರಿ’ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಗಣಕಕ್ಕೆ ಅದು ಕ, ಒ-ಕಾರದ ಗುರುತು, ಬ, ಅರ್ಧಾಕ್ಷರದ ಗುರುತು, ಮತ್ತೆ ಬ, ರ, ಇ-ಕಾರದ ಗುರುತು: ಏಳು ಚಿಹ್ನೆ, 21 ಬೈಟ್. ಇಂಗ್ಲಿಷಿನವರ ‘ಕೋಪ್ರ’ ಐದೇ ಬೈಟಿನಲ್ಲಿ ಮುಗಿಯುತ್ತದೆ. (ಆ ಪದವಾದರೂ ಯಾರದು? ಮಲೆಯಾಳದ ‘ಕೊಪ್ಪರ’ವನ್ನು ಪೋರ್ಚುಗೀಸರು ಕೊಂಡೊಯ್ದರು; ಅವರಿಂದ ಇಂಗ್ಲಿಷಿಗೆ ಹೋಯಿತು.) ಪದವನ್ನು ಚೂರುಗಳಾಗಿ ಒಡೆದು ನುಂಗುವ ಯಂತ್ರಕ್ಕೆ ಕನ್ನಡ ಹೆಚ್ಚು ಚೂರುಗಳಾಗಿ ಸಿಕ್ಕುತ್ತದೆ, ಹೆಚ್ಚು ಚೂರೆಂದರೆ ಹೆಚ್ಚು ಹೊತ್ತು, ಹೆಚ್ಚು ಖರ್ಚು. ಇದಕ್ಕಿಂತ ದೊಡ್ಡ ಕೊರತೆ, ಉಣ್ಣಲು ದೊರೆಯುವ ಕನ್ನಡ ಬರಹವೇ ಅಲ್ಪವಾಗಿರುವುದು. ಮದರಾಸಿನ ಐ.ಐ.ಟಿ.ಯ ‘ಎಐ4ಭಾರತ್’ ತಂಡ, 2022ರಲ್ಲಿ ಉದ್ಘಾಟನೆಯಾದ ಸರ್ಕಾರದ ‘ಭಾಷಿಣಿ’ ಯೋಜನೆ ಇವು ಭಾರತೀಯ ಭಾಷೆಗಳ ಮಾತು-ಬರಹಗಳನ್ನು ಕೂಡಿಹಾಕಿ ಈ ಅಂತರವನ್ನು ತುಂಬಲು ದುಡಿಯುತ್ತಿವೆ. ಆದರೂ ಪುಸ್ತಕದ ಕನ್ನಡವನ್ನು ಕೇಳಿ ಬೆಳೆದ ಯಂತ್ರ ‘ಅಟ್ಟಕ್ಕಾಕಿದ್ ಕಾಯಿ’ ಎಂಬ ಮಾತನ್ನು ಒಂದೇ ಪೆಟ್ಟಿಗೆ ಹಿಡಿಯಬೇಕಾದರೆ, ಅಟ್ಟದ ಕೆಳಗೆ ನಿಂತು ಮಾತನಾಡುವವರ ದನಿ ಅದಕ್ಕೆ ಇನ್ನಷ್ಟು ಕೇಳಿಸಬೇಕು.

ಉತ್ತರ ಕೊಡುವ ಯಂತ್ರ, ಕೊಡದ ಯಂತ್ರ

ಇಷ್ಟೆಲ್ಲ ಸರಿಹೋಯಿತೆನ್ನೋಣ. ಯಂತ್ರದ ಬಳಿ ಕುಳಿತ ಮೇಲೆ ಮನುಷ್ಯ ಕಲಿಯುತ್ತಾನೆಯೆ? ವಿದ್ಯಾರ್ಥಿ ವಾಚಕರು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು. ಏಕೆಂದರೆ ಈ ಪ್ರಯೋಗ ನಡೆದುದು ಅವರ ವಯಸ್ಸಿನವರ ಮೇಲೆ. ತುರ್ಕಿ ದೇಶದ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳನ್ನು ಮೂರು ಬಗೆಯಾಗಿ ವಿಂಗಡಿಸಿ ಗಣಿತದ ಅಭ್ಯಾಸ ಕೊಟ್ಟರು. ಒಂದು ಗುಂಪಿಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರ. ಇನ್ನೊಂದಕ್ಕೆ ಉತ್ತರವನ್ನು ಕೊಡದೆ ಉಪಾಧ್ಯಾಯರು ಬರೆದ ಸುಳಿವುಗಳನ್ನಷ್ಟೇ ಕೊಡುವ ಯಂತ್ರ. ಮೂರನೆಯದಕ್ಕೆ ಪುಸ್ತಕ ಮಾತ್ರ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಪುಸ್ತಕದವರಿಗಿಂತ ನೂರಕ್ಕೆ 48ರಷ್ಟು, ಸುಳಿವಿನ ಗುಂಪು 127ರಷ್ಟು ಮೇಲೆ ನಿಂತಿತು. ಆಮೇಲೆ ಯಂತ್ರಗಳನ್ನು ಕಿತ್ತುಕೊಂಡು ಪರೀಕ್ಷೆ ಮಾಡಿದರು. ಉತ್ತರ ಪಡೆಯುತ್ತಿದ್ದ ಗುಂಪು ಪುಸ್ತಕದವರಿಗಿಂತ ನೂರಕ್ಕೆ 17ರಷ್ಟು ಕೆಳಗೆ ಬಿತ್ತು. ಸುಳಿವಿನ ಗುಂಪು ಬೀಳಲಿಲ್ಲ, ಹೆಚ್ಚು ಏರಲೂ ಇಲ್ಲ. ಹಂಸಾ ಬಸ್ತಾನಿ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಈ ಫಲಿತಾಂಶ, ನಮ್ಮ ಮಟ್ಟಿಗೆ, ಈ ಕ್ಷೇತ್ರದಲ್ಲಿ ಇತ್ತೀಚೆಗೆ ಬಂದಿರುವವುಗಳಲ್ಲಿ ಅತ್ಯಂತ ಮನನಯೋಗ್ಯವಾದುದು.

ನಿರ್ದೇಶಕರ ಪರೀಕ್ಷೆ ಕೋಣೆಯಲ್ಲಿ ನಡೆಯುವುದಿಲ್ಲ. ಅದು ನಡೆಯುವುದು ಮಂಡಿಯಲ್ಲಿ, ದಿಲ್ಲಿಯ ಸಗಟು ವ್ಯಾಪಾರಿ ಫೋನಿನಲ್ಲಿ ‘ಈಗಲೇ ಹೇಳಿ’ ಎಂದು ಕಾಯುತ್ತಿರುವಾಗ. ಆ ಹೊತ್ತಿಗೆ ಮೊಬೈಲ್ ತೆಗೆದು ಯಂತ್ರವನ್ನು ಕೇಳುವುದಕ್ಕೆ ಬಿಡುವಿಲ್ಲ. ಅದಕ್ಕೆಂದೇ ಯಂತ್ರವನ್ನು ಇನ್ನೊಂದು ವೇಷದಲ್ಲಿ ಬಳಸುವುದುಂಟು: ಅದೇ ಆ ವ್ಯಾಪಾರಿಯಾಗಿ ಮಾತಿಗೆ ಕೂರುತ್ತದೆ. ಉಂಡೆ ಚಿಕ್ಕದು, ಬಣ್ಣ ಮಂಕು, ತೇವ ಹೆಚ್ಚು ಎಂದು ಒಂದೊಂದೇ ನೆಪ ತೆಗೆದು ಬೆಲೆ ಇಳಿಸುತ್ತದೆ. ನಿರ್ದೇಶಕರು ತಮ್ಮ ಅಸಲಿನ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಎಷ್ಟರವರೆಗೆ ಇಳಿಯಬಹುದೆಂದು ಅಭ್ಯಾಸ ಮಾಡುತ್ತಾರೆ. ಸೋತರೆ ನಷ್ಟವಿಲ್ಲ; ಮತ್ತೆ ಮೊದಲಿನಿಂದ ಆಡಬಹುದು. ಹಾರ್ವರ್ಡಿನಲ್ಲಿ ನೂರು ವರ್ಷಗಳಿಂದ ನಡೆದುಬಂದಿರುವ ‘ನಿದರ್ಶನ ಪದ್ಧತಿ’ಯಲ್ಲಿ, ಎಂದೋ ನಡೆದ ವ್ಯವಹಾರವೊಂದನ್ನು ಓದಿ ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಚರ್ಚಿಸುತ್ತಾರೆ. ಯಂತ್ರ ಬಂದ ಮೇಲೆ ಓದಿದ ವ್ಯವಹಾರ ಎದುರು ಮಾತನಾಡತೊಡಗಿದೆ, ವ್ಯತ್ಯಾಸ ಅಷ್ಟೆ.

ಕೊನೆಗೆ ಇನ್ನೊಂದು ಲೆಕ್ಕ. ಧಾರಣೆ ಏರಿದ ವರ್ಷ ಎಲ್ಲರಿಗೂ ಹುಮ್ಮಸ್ಸು. ಕ್ವಿಂಟಾಲಿಗೆ 30,000 ಎಂಬ ಮಾತು ಕೇಳಿದ ನಿರ್ದೇಶಕರು ಈ ಸಲದ ಕಾಯಿಯನ್ನೆಲ್ಲ ಅಟ್ಟಕ್ಕೆ ಹಾಕಿಸಲು ಹೊರಟಿದ್ದಾರೆ ಎನ್ನೋಣ. ಯಂತ್ರಬೋಧಕ ಬೇಡವೆನ್ನುವುದಿಲ್ಲ, ಬೇಕೆನ್ನುವುದೂ ಇಲ್ಲ, “ಇವತ್ತು ಹಸಿಗಾಯಿಗೆ ಪೇಟೆಯಲ್ಲಿ ಎಷ್ಟು ಕೊಡುತ್ತಿದ್ದಾರೆ?” ಎಂದು ಕೇಳುತ್ತದೆ. ಮೂವತ್ತು ರೂಪಾಯಿ ಎಂಬ ಉತ್ತರ ಬಂದರೆ, ಹಿಂದಿನ ಲೆಕ್ಕದಲ್ಲಿ 12 ಇದ್ದಲ್ಲಿ 30 ಇಡುವಂತೆ ಹೇಳುತ್ತದೆ. ಕಾಯಿಯ ಬೆಲೆ 3,00,000. ಹನ್ನೊಂದು ತಿಂಗಳ ಬಡ್ಡಿ 33,000. ಖರ್ಚು ಮೊದಲಿನಂತೆಯೇ 6,800. ಹತ್ತು ಕ್ವಿಂಟಾಲಿಗೆ ಹಂಚಿದರೆ ಅಸಲು 33,980 ರೂಪಾಯಿ. ನಿರ್ದೇಶಕರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಮೇಲಕ್ಕೆ ನೋಡುತ್ತಾರೆ. ಅಟ್ಟದ ಅರ್ಧ ಇನ್ನೂ ಖಾಲಿಯಿದೆ. ಹೊರಗೆ ಕಾಯಿ ಹೊತ್ತ ಗಾಡಿ ಬಂದು ನಿಂತಿದೆ.